ಇಲ್ಲದ ವಾಸನೆ

ಹೋದ ತಿಂಗಳು ಚುನಾವಣೆ ಕೆಲಸಕ್ಕೆ ನನ್ನನ್ನು ಚಳ್ಳಕೆರೆಗೆ ಹಾಕಿದ್ದರು. ತುಂಬಾ ದಿನದಿಂದ ಬೀಗ ಹಾಕಿದ್ದ ಶಾಲೆಯ ಕೋಣೆಯೊಂದನ್ನು ಅಟೆಂಡರ್ ತೆಗೆದ. ಒಳಗಿನಿಂದ ಮುಗ್ಗಲು ವಾಸನೆ ಬಂದು ಮುಖಕ್ಕೆ ಹೊಡೆಯಿತು. ಒದ್ದೆ ಗೋಣಿಚೀಲ, ಹಳೇ ಕಾಗದ, ಉದುರಿದ ಸುಣ್ಣ ಎಲ್ಲಾ ಸೇರಿದಂಥ ವಾಸನೆ. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ.

"ಈ ಕೋಣೇಲಿ ನಾನು ಕೂರಲ್ಲ," ಅಂದೆ.

ಜೊತೆಗಿದ್ದ ಮೇಷ್ಟ್ರು ನಕ್ಕರು. "ಬರೀ ಬೂಷ್ಟು ಕಣ್ರಿ ಮೇಡಂ. ಅದೇನು ಮನುಷ್ಯರನ್ನ ತಿನ್ನುತ್ತಾ?"

"ತಿನ್ನುತ್ತೆ," ಅಂದೆ. ದನಿ ಅಷ್ಟು ಜೋರಾಗುತ್ತದೆ ಅಂತ ನನಗೂ ಗೊತ್ತಿರಲಿಲ್ಲ. ಮೇಷ್ಟ್ರ ನಗು ನಿಂತಿತು. ಟೇಬಲ್ಲನ್ನು ಜಗಲಿಗೆ ಹಾಕಿಸಿಕೊಂಡು ಸಂಜೆವರೆಗೂ ಬಿಸಿಲಲ್ಲೇ ಕೂತೆ. ಅಷ್ಟು ಸಣ್ಣ ಮಾತಿಗೆ ಅಷ್ಟು ಸಿಟ್ಟು ಯಾಕೆ ಅಂತ ಅವರಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಬೇಕಾದರೆ ಮೊಳಕಾಲ್ಮೂರಿನಲ್ಲಿ ಕಳೆದ ಒಂದು ವರ್ಷವನ್ನು ಪೂರ್ತಿ ಹೇಳಬೇಕಿತ್ತು. ಅಲ್ಲಿ ಹೇಳಲು ಮನಸ್ಸಾಗಲಿಲ್ಲ.

ನಾನು ಗಣಿತದ ಟೀಚರು. ತವರು ಬಿ.ಜಿ. ಕೆರೆ, ಗಂಡನ ಮನೆ ನಾಯಕನಹಟ್ಟಿ. ಮದುವೆಯಾಗಿ ನಾಲ್ಕನೇ ವರ್ಷಕ್ಕೆ ಮೊಳಕಾಲ್ಮೂರಿನ ಪ್ರೌಢಶಾಲೆಗೆ ವರ್ಗವಾಯಿತು. ನಮ್ಮನೆಯವರು ಮಂಜುನಾಥ್, ಚಳ್ಳಕೆರೆಯ ಕಾಲೇಜೊಂದರಲ್ಲಿ ಲ್ಯಾಬ್ ಸಹಾಯಕರು. ಬೆಳಗಿನ ಬಸ್ಸಿಗೆ ಹೋದರೆ ಸಂಜೆ ಬರುವವರು. ಶಾಲೆಗೆ ಹತ್ತಿರ ಇರಲಿ ಅಂತ ರೇಷ್ಮೆ ಸೀರೆ ನೇಯುವವರ ಬೀದಿಯಲ್ಲಿ ಒಂದು ಮನೆ ನೋಡಿದೆವು. ಮಾಲೀಕರು ಚಳ್ಳಕೆರೆಯ ಶೇಂಗಾ ವ್ಯಾಪಾರಿ. ಎಲ್ಲರೂ ಅವರನ್ನು ಸಾಹುಕಾರ್ರು ಅಂತಲೇ ಕರೆಯುತ್ತಿದ್ದರು. ಮುಂದೆ ಒಂದು ಪಡಸಾಲೆ, ನಡುವೆ ಅಡಿಗೆಮನೆ, ಹಿಂದೆ ಒಂದು ಕೋಣೆ. ಹಿಂದಿನ ಕೋಣೆಗೆ ಕಿಟಕಿ ಇರಲಿಲ್ಲ. ಆದರೆ ಗೋಡೆಗೆ ತಿಳಿಹಸಿರು ಬಣ್ಣ ಹೊಸದಾಗಿ ಬಳಿದಿದ್ದರು, ಮಿರಮಿರ ಮಿಂಚುತ್ತಿತ್ತು. ನನಗೆ ಆ ಬಣ್ಣ ಇಷ್ಟವಾಗಿ "ಇದೇ ಇರಲಿ" ಅಂದೆ. ಆ ಗೋಡೆಯ ಆಚೆ ಬದಿಗೆ ಒತ್ತಿಕೊಂಡೇ ಸಾಹುಕಾರರ ದೊಡ್ಡ ಸಿಮೆಂಟ್ ತೊಟ್ಟಿ ಇದೆ, ಅದು ಬಿರುಕುಬಿಟ್ಟು ವರ್ಷವೆಲ್ಲಾ ಜಿನುಗುತ್ತದೆ ಅನ್ನುವುದನ್ನು ಯಾರೂ ಹೇಳಲಿಲ್ಲ.

ಗಂಡ ಗಾಳಿಗೆ ಅಂತ ಪಡಸಾಲೆಯಲ್ಲಿ ಬಾಗಿಲ ಹತ್ತಿರ ಮಲಗುತ್ತಿದ್ದರು. ನಾನು ಹಿಂದಿನ ಕೋಣೆಯಲ್ಲಿ. ಪಾಠದ ಟಿಪ್ಪಣಿ ಬರೆಯುವುದು, ಉತ್ತರ ಪತ್ರಿಕೆ ತಿದ್ದುವುದು ಎಲ್ಲಾ ಅಲ್ಲೇ. ಮನೆಯಲ್ಲಿದ್ದಷ್ಟು ಹೊತ್ತೂ ನಾನು ಆ ಕೋಣೆಯವಳೇ.

ಆ ವರ್ಷ ನಮ್ಮ ಸೀಮೆಗೆ ಅಪರೂಪದ ಮಳೆ ಹಿಡಿಯಿತು. ಒಣಗಿದ್ದ ಕೆರೆಗಳೆಲ್ಲಾ ತುಂಬಿದವು. ಜನ ಕೆರೆ ನೋಡುವುದಕ್ಕೇ ಗಾಡಿ ಮಾಡಿಕೊಂಡು ಹೋಗುತ್ತಿದ್ದರು. ಮಳೆ ಬಂತಲ್ಲ ಅಂತ ಊರಿಗೆ ಊರೇ ಸಂಭ್ರಮಪಡುವಾಗ ನನ್ನ ಮನೆ ಥಂಡಿ ಹಿಡಿದಿದೆ ಅಂತ ದೂರುವುದು ಹೇಗೆ? ಬೀರುವಿನಲ್ಲಿಟ್ಟ ಸೀರೆಗಳು ತಣ್ಣಗಾದವು. ಚಪ್ಪಲಿ ಮೇಲೆ ಬೂದಿಯಂಥ ಪುಡಿ ಕೂತಿತು. ಉಪ್ಪಿನಕಾಯಿ ಜಾಡಿಯ ಬಟ್ಟೆ ಕಪ್ಪಾಯಿತು. ಸಾಹುಕಾರರಿಗೆ ಫೋನ್ ಮಾಡಿದೆ.

"ಮೊಳಕಾಲ್ಮೂರಲ್ಲಿ ಥಂಡಿನಾ?" ಅಂತ ನಕ್ಕರು. "ಟೀಚರಮ್ಮ, ನಮ್ಮ ಬಿಸ್ಲಿಗೆ ಕಲ್ಲೇ ಸೀಳ್ತೈತೆ. ನಾಕು ದಿನ ತಡೀರಿ, ತಾನೇ ಒಣಗ್ತೈತೆ."

ಒಣಗಲಿಲ್ಲ. ಮೊದಲು ಕೆಮ್ಮು ಬಂತು, ಮೂಗು ಕಟ್ಟಿತು. ಆಮೇಲೆ ತಲೆಭಾರ. ಅದಾದ ಮೇಲೆ ಬಂದದ್ದಕ್ಕೆ ನನಗೆ ಹೆಸರು ಗೊತ್ತಿರಲಿಲ್ಲ. ಎಷ್ಟು ಮಲಗಿದರೂ ನಿದ್ದೆ ಮಾಡಿದ ಹಾಗಿರುತ್ತಿರಲಿಲ್ಲ. ಸ್ಟವ್ ಮೇಲೆ ಹಾಲಿಟ್ಟು ಮರೆಯುತ್ತಿದ್ದೆ. ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುವುದೇ ದೊಡ್ಡ ಕೆಲಸ ಅನ್ನಿಸುತ್ತಿತ್ತು. ಒಂದು ದಿನ ಒಂಬತ್ತನೇ ಕ್ಲಾಸಿನಲ್ಲಿ ಬೀಜಗಣಿತದ ಲೆಕ್ಕವನ್ನು ಬೋರ್ಡ್ ಮೇಲೆ ಅರ್ಧ ಬಿಡಿಸಿದವಳು ಹಾಗೇ ನಿಂತುಬಿಟ್ಟೆ. ನಾನೇ ಬರೆದ ಸಾಲು ನನಗೇ ತಿಳಿಯಲಿಲ್ಲ. ಹತ್ತು ವರ್ಷದಿಂದ ಕಣ್ಣು ಮುಚ್ಚಿಕೊಂಡು ಬಿಡಿಸುತ್ತಿದ್ದ ಲೆಕ್ಕ ಅದು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ, "ಮಿಸ್, ಆ ಎಕ್ಸ್ ಈ ಕಡೆ ಬಂದ್ರೆ ಮೈನಸ್ ಆಗಬೇಕಲ್ವ?" ಅಂದಳು. ಸೀಮೆಸುಣ್ಣ ಕೆಳಗಿಟ್ಟು ಸ್ಟಾಫ್ ರೂಮಿಗೆ ಹೋಗಿ ಅತ್ತೆ.

ಮುಖ್ಯೋಪಾಧ್ಯಾಯರು ಒಳ್ಳೆಯವರು. ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳಿದರು. "ಗಿರಿಜಾ ಮೇಡಂ, ಮನೇಲಿ ಯಜಮಾನ್ರ ಜೊತೆ ಏನಾದ್ರೂ ತೊಂದ್ರೆ ಐತಾ?"

ಏನೂ ಇರಲಿಲ್ಲ. ಆದರೆ ಅಂದಿನಿಂದ ಎಲ್ಲರೂ ನನ್ನೊಳಗೆ ಹುಡುಕಲು ಶುರುಮಾಡಿದರು. ಮಕ್ಕಳಾಗಿಲ್ಲ, ಅದೇ ಕೊರಗು ಅಂದರು ಒಬ್ಬರು. ಸಂಬಳ ಬರುತ್ತೆ, ಅಹಂಕಾರ ಅಂದರು ಇನ್ನೊಬ್ಬರು. ಗಂಡ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆತ ನನ್ನ ಮುಖ ನೋಡದೆ ಗಂಡನನ್ನೇ ಕೇಳುತ್ತಾ ನಿದ್ದೆ ಮಾತ್ರೆ ಬರೆದುಕೊಟ್ಟ. "ಯೋಚನೆ ಕಮ್ಮಿ ಮಾಡಮ್ಮ," ಅಂದ. ನನಗೆ ಯೋಚನೆ ಮಾಡಲು ಆಗುತ್ತಿಲ್ಲ ಅನ್ನುವುದೇ ನನ್ನ ಕಾಯಿಲೆಯಾಗಿತ್ತು! ಯಾವ ಮನೆಯಲ್ಲಿದ್ದೀರಿ, ಮನೆಗೆ ಗಾಳಿ ಬೆಳಕು ಇದೆಯಾ ಅಂತ ಒಬ್ಬರೂ ಕೇಳಲಿಲ್ಲ.

ನಾಯಕನಹಟ್ಟಿಯಿಂದ ಅತ್ತೆ ಬಂದರು. "ಜಟಿಂಗ ರಾಮೇಶ್ವರಕ್ಕೆ ಹರಕೆ ಹೊತ್ತೀನಿ, ನಡಿ," ಅಂದರು. ನಾಲ್ಕು ದಿನ ಅಲ್ಲೇ ತಪ್ಪಲಿನ ಊರಿನ ನೆಂಟರ ಮನೆಯಲ್ಲಿದ್ದು ದಿನವೂ ಬೆಟ್ಟ ಹತ್ತಿದೆವು. ಮಳೆ ಬಿಡುವು ಕೊಟ್ಟಿತ್ತು. ಮೇಲೆ ಬಂಡೆಗಳು ಕಾದು, ಗಾಳಿ ಸೆರಗು ಕಿತ್ತುಕೊಂಡು ಹೋಗುವಂತೆ ಬೀಸುತ್ತಿತ್ತು. ಮೂರನೆಯ ದಿನ ನನಗೆ ಹಸಿವಾಯಿತು. ನಾಲ್ಕನೆಯ ದಿನ ಅತ್ತೆಯ ಜೊತೆ ಏನೋ ಮಾತಿಗೆ ನಕ್ಕೆ. ಅತ್ತೆ ಕೈಮುಗಿದರು. ನಾನೂ ಮುಗಿದೆ. ಮೊಳಕಾಲ್ಮೂರಿಗೆ ವಾಪಸ್ ಬಂದು ವಾರ ತುಂಬುವುದರೊಳಗೆ ಮತ್ತೆ ಅದೇ ಭಾರ, ಅದೇ ಅಳು.

ದಸರಾ ರಜೆಗೆ ತವರಿಗೆ ಹೋದೆ. ಅಲ್ಲೂ ಹಾಗೇ ಆಯಿತು. ಅವ್ವನ ಮನೆಯ ಅಂಗಳದಲ್ಲಿ ಹತ್ತು ದಿನ ಕೂತಿದ್ದೇ ತಲೆ ತಿಳಿಯಾಯಿತು. ಇದನ್ನು ಕೇಳಿ ಅತ್ತೆಯ ತೀರ್ಮಾನ ಬದಲಾಯಿತು. ಫೋನಿನಲ್ಲಿ ಮಗನಿಗೆ ಹೇಳಿದ್ದು ನನಗೂ ಕೇಳಿಸಿತು. "ತವರಿಗೆ ಹೋದ್ರೆ ನೆಟ್ಟಗಿರ್ತಾಳೆ, ನಿನ್ನ ಹತ್ರ ಬಂದ್ರೆ ರೋಗ ಬರ್ತೈತೆ ಅಂದ್ರೆ ಅದು ರೋಗ ಅಲ್ಲಪ್ಪ, ನಾಟ್ಕ."

ಗಂಡನನ್ನು ನೋಡಿದೆ. ಅಲ್ಲ ಅಂತ ಒಂದು ಮಾತು ಹೇಳುತ್ತಾರೇನೋ ಅಂತ ಕಾದೆ. "ಆಯ್ತಮ್ಮ, ಇಡ್ತೀನಿ," ಅಂತ ಫೋನ್ ಇಟ್ಟರು. ಅವರು ಕೆಟ್ಟವರಲ್ಲ. ಅಡಿಗೆ ಮಾಡುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು. ಆದರೆ ಅವರ ಕಣ್ಣಲ್ಲೂ ಅದೇ ಅನುಮಾನವಿತ್ತು. ಬೇರೆಯವರ ಮಾತಿಗಿಂತ ಅದು ಜಾಸ್ತಿ ಚುಚ್ಚಿತು.

ಒಂದು ಭಾನುವಾರ ನಮ್ಮವ್ವ ಬಂದಳು. ಓದಿದವಳಲ್ಲ. ಹೊಲದ ಕೆಲಸ ಮಾಡಿ, ಮಣ್ಣಿನ ಮಾಳಿಗೆ ಮನೆಯಲ್ಲಿ ಬದುಕಿದವಳು. ಬ್ಯಾಗು ಇಟ್ಟು ಹಿಂದಿನ ಕೋಣೆಗೆ ಕಾಲಿಟ್ಟವಳೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಏನೇ ಇದು, ನೆನೆದ ಕಂಬಳಿ ಕೊಳೆಹಾಕಿದಂಗೆ ನಾತ! ಇದ್ರಾಗೆ ಮಲಗ್ತೀಯಾ?"

"ನನಗೇನೂ ಬರ್ತಿಲ್ಲವ್ವ," ಅಂದೆ. ನಿಜ. ದಿನಾ ಅದರಲ್ಲೇ ಇದ್ದು ನನ್ನ ಮೂಗು ಸತ್ತುಹೋಗಿತ್ತು.

ಅವ್ವ ಸುಮ್ಮನಿರಲಿಲ್ಲ. ಪಕ್ಕದ ಮನೆಯ ಪದ್ಮಕ್ಕನನ್ನು ಕೂಗಿದಳು. ಪದ್ಮಕ್ಕ ಮಗ್ಗದ ಕೆಲಸದವರು, ತೆಲುಗು ಮನೆಮಾತು. ಇಬ್ಬರೂ ಸೇರಿ ಬೀರುವನ್ನು ಎಳೆದರು. ಹಿಂದಿನ ಗೋಡೆ ಹಸಿರಾಗಿರಲಿಲ್ಲ. ನೆಲದಿಂದ ಆಳೆತ್ತರದವರೆಗೆ ಕಪ್ಪಾಗಿತ್ತು. ಬಣ್ಣ ಹಪ್ಪಳದ ಹಾಗೆ ಎದ್ದು ನಿಂತಿತ್ತು. ಅವ್ವ ಉಗುರಿನಿಂದ ಒಂದು ಚೂರು ಕೆರೆದಳು. ಒಳಗಿನಿಂದ ಕರೀ ಪುಡಿ ಉದುರಿತು. ಒಂದು ಬಣ್ಣದ ಕೆಳಗೆ ಇನ್ನೊಂದು ಬಣ್ಣ, ಅದರ ಕೆಳಗೆ ಮತ್ತೊಂದು. ನೀಲಿ, ಹಳದಿ, ಗುಲಾಬಿ. ಎಲ್ಲದರ ನಡುವೆಯೂ ಬೂಷ್ಟು.

"ಗೋಡೆಗೆ ಉಣ್ಣೆ ಬೆಳೆದೈತಲ್ಲೇ!" ಅಂದಳು ಅವ್ವ. ನನ್ನ ಹಾಸಿಗೆ ಅದಕ್ಕೆ ಒಂದು ಮೊಳ ದೂರದಲ್ಲಿತ್ತು.

ಪದ್ಮಕ್ಕ ಬಾಗಿಲಿಗೆ ಒರಗಿ ನಿಂತಿದ್ದರು. "ಅಯ್ಯೋ ಪಾಪಂ," ಅಂದರು. "ನಾನು ಮೊದ್ಲೇ ಹೇಳಬೇಕಿತ್ತು ಟೀಚರಮ್ಮ. ನಿಮಗಿಂತ ಮುಂಚೆ ಶೈಲಜಾ ಅಂತ ಒಬ್ಳಿದ್ಲು. ಚೆಂದಾಗಿದ್ದ ಹುಡುಗಿ. ಇಲ್ಲಿಗೆ ಬಂದ ಮೇಲೆ ಹಿಂಗೇ ಆಯ್ತು. ಅಳೋದು, ಸುಮ್ನೆ ಕೂರೋದು. ಗಂಡ ಹುಚ್ಚಿ ಅಂತ ಅಣ್ಣನ ಮನೆಗೆ ಬಿಟ್ಟು ಬಂದ. ಐದು ವರ್ಷದ ಮಗಳನ್ನೂ ಅವಳ ಕೈಗೆ ಕೊಡ್ಲಿಲ್ಲ."

"ಅದಕ್ಕೂ ಮುಂಚೆ?" ಅವ್ವ ಕೇಳಿದಳು.

"ಅದಕ್ಕೂ ಮುಂಚೆ ಸಾಹುಕಾರ್ರು ಇದ್ರಲ್ಲಿ ಶೇಂಗಾ ಕಾಯಿ ಮೂಟೆ ಇಡ್ತಿದ್ರು. ಒಂದು ಸಲ ಎಲ್ಲಾ ಮುಗ್ಗು ಹಿಡಿದು ಕೆಟ್ಟೋಯ್ತು. ಇದು ಸ್ಟಾಕಿಗೆ ಆಗಿಬರಲ್ಲ ಅಂತ ಬಣ್ಣ ಹೊಡೆಸಿ ಬಾಡಿಗೆಗೆ ಬಿಟ್ರು."

ಆ ಮಾತು ಕೇಳಿ ನನ್ನ ಮೈ ಉರಿದುಹೋಯಿತು. ಎಷ್ಟೋ ತಿಂಗಳಿಂದ ಏನೂ ಅನ್ನಿಸದೆ ಮರಗಟ್ಟಿದ್ದ ನನಗೆ ಆ ಸಿಟ್ಟು ಒಂದು ಆಧಾರದ ಹಾಗಿತ್ತು. ಮೂಟೆ ಇಡಲು ಲಾಯಕ್ಕಿಲ್ಲದ ಜಾಗ ಮನುಷ್ಯರಿಗೆ ಲಾಯಕ್ಕಾಯಿತೇ?

ಮಾರನೇ ದಿನ ರಜೆ ಹಾಕಿ, ಗೋಡೆಯ ಫೋಟೋ ತೆಗೆದುಕೊಂಡು, ಅವ್ವನ ಜೊತೆ ಚಳ್ಳಕೆರೆ ಬಸ್ ಹತ್ತಿದೆ. ಮೊದಲು ಒಬ್ಬ ಮನೋವೈದ್ಯೆಯ ಹತ್ತಿರ ಹೋದೆವು. ಆಕೆ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಬೆಟ್ಟದ ನಾಲ್ಕು ದಿನ, ತವರಿನ ಹತ್ತು ದಿನ, ಎಲ್ಲಾ ಕೇಳಿ ಬರೆದುಕೊಂಡರು.

"ಬೂಷ್ಟೇ ಪೂರ್ತಿ ಕಾರಣ ಅಂತ ನಾನು ಬರೆದುಕೊಡೋಕಾಗಲ್ಲ," ಅಂದರು. "ಖಿನ್ನತೆಗೆ ಕಾರಣ ಹತ್ತಾರು ಇರ್ತವೆ. ಆದ್ರೆ ಇಂಥ ಮನೇಲಿ ಇರೋರಲ್ಲಿ ಇದು ಜಾಸ್ತಿ ಕಾಣುತ್ತೆ ಅಂತ ತಿಳಿದವರು ಹೇಳ್ತಾರೆ. ಉಸಿರಾಟ ಕೆಡುತ್ತೆ, ನಿದ್ದೆ ಕೆಡುತ್ತೆ, ಆಮೇಲೆ ಮನಸ್ಸು ಕೆಡೋದು ದೊಡ್ಡ ಮಾತಲ್ಲ. ಎಲ್ಲರಿಗೂ ಒಂದೇ ಥರ ಆಗಲ್ಲ. ಮಾತ್ರೆ ಕೊಡ್ತೀನಿ, ನಾಚಿಕೆ ಬೇಡ, ತಗೊಳ್ಳಿ. ಆದ್ರೆ ಮೊದಲು ಆ ಮನೆ ಬಿಡಿ."

ಆಕೆ ಹೇಳಿದ್ದು ಇಷ್ಟೇ. ಆದರೆ ನನ್ನನ್ನೇ ನೋಡಿ, ನನಗೇ ಹೇಳಿದರು.

ಅಲ್ಲಿಂದ ನೇರವಾಗಿ ಸಾಹುಕಾರರ ಶೇಂಗಾ ಮಂಡಿಗೆ ನಡೆದೆವು. ಅವರು ಕುರ್ಚಿಯಲ್ಲಿ ಕೂತು, ರೈತನೊಬ್ಬ ತಂದ ಶೇಂಗಾವನ್ನು ಕೈಯಲ್ಲಿ ಹಿಡಿದು, ಒಂದು ಕಾಯಿ ಒಡೆದು ಮೂಗಿನ ಹತ್ತಿರ ತಂದುಕೊಂಡರು. "ಮುಗ್ಗೈತೆ. ಬ್ಯಾಡ," ಅಂತ ಚೀಲ ಆಚೆ ತಳ್ಳಿದರು. ನಾವು ಹೋಗಿ ಎದುರು ನಿಂತೆವು. ಫೋನ್ ಅವರ ಮುಂದೆ ಹಿಡಿದೆ.

"ಇದೇನು ನೋಡ್ರಿ ಸಾಹುಕಾರ್ರೆ."

ನೋಡಿದರು. "ಒಸರು ಬಂದೈತೆ. ಬಣ್ಣ ಹೊಡೆಸಿಕೊಡ್ತೀನಿ ಬಿಡಮ್ಮ."

"ಮುಗ್ಗಿದ ಕಾಯಿಗೂ ಬಣ್ಣ ಹೊಡೆದು ತಗೊಳ್ರಿ ಹಂಗಾರೆ," ಅಂದಳು ಅವ್ವ. ಚೀಲ ಕಟ್ಟಿಕೊಳ್ಳುತ್ತಿದ್ದ ರೈತ ತಿರುಗಿ ನೋಡಿದ.

ಸಾಹುಕಾರರ ಮುಖ ಕೆಂಪಾಯಿತು. "ನೋಡಮ್ಮ, ಗೋಡೆ ಒದ್ದೆಯಾದ್ರೆ ಯಾರಿಗಾದ್ರೂ ತಲೆ ಕೆಡ್ತೈತಾ? ಮೊದ್ಲಿದ್ದೋಳೂ ಹಿಂಗೇ ಅಂತಿದ್ಲು. ಗೋಡೆ ವಾಸನೆ, ಗೋಡೆ ವಾಸನೆ ಅಂತ ದಿನಾ ಫೋನ್ ಮಾಡೋಳು. ಕಡೆಗೆ ನೋಡಿದ್ರೆ ಆಯಮ್ಮಂಗೇ ಹುಚ್ಚು."

ನಾನು ಅಲ್ಲೇ ನಿಂತುಬಿಟ್ಟೆ. ಹೇಳಿದ್ದಳು. ನನಗಿಂತ ಮುಂಚೆ, ನನಗಿಂತ ಸ್ಪಷ್ಟವಾಗಿ, ಶೈಲಜಾ ಹೇಳಿದ್ದಳು. ಈ ಮನುಷ್ಯ ಕೇಳಿಯೂ ಇದ್ದ. ಕೇಳಿದ ಮೇಲೆ ಆತ ಮಾಡಿದ್ದು ಒಂದೇ, ತಿಳಿಹಸಿರು ಬಣ್ಣ ತರಿಸಿದ್ದು.

"ನಿಮಗೆ ಗೊತ್ತಿತ್ತು," ಅಂದೆ. "ಗೊತ್ತಿದ್ದೂ ನನ್ನನ್ನ ಅಲ್ಲಿ ಮಲಗಿಸಿದ್ರಿ." ಮಂಡಿಯಲ್ಲಿದ್ದವರೆಲ್ಲಾ ಕೇಳುವಷ್ಟು ಜೋರಾಗಿಯೇ ಹೇಳಿದೆ. ಅವರು ತಲೆ ತಗ್ಗಿಸಿ, ಇನ್ನೊಂದು ಚೀಲದೊಳಗೆ ಕೈ ಹಾಕಿದರು.

ಆ ವಾರವೇ ಮನೆ ಬಿಟ್ಟೆವು. ಬಸ್ ಸ್ಟ್ಯಾಂಡಿನ ಕಡೆ, ಮಹಡಿ ಮೇಲೆ, ಎರಡು ಕಡೆ ಕಿಟಕಿಯಿದ್ದ ಚಿಕ್ಕ ಮನೆ. ನಾನು ಒಂದೇ ದಿನಕ್ಕೆ ಸರಿಹೋಗಲಿಲ್ಲ. ಕೆಮ್ಮು ಒಂದು ತಿಂಗಳಿಗೆ ಬಿಟ್ಟಿತು, ಮಿಕ್ಕದ್ದಕ್ಕೆ ಬೇಸಿಗೆವರೆಗೂ ಮಾತ್ರೆ ನುಂಗಿದೆ. ಜನವರಿಯಲ್ಲಿ ಒಂದು ದಿನ ಅದೇ ಒಂಬತ್ತನೇ ಕ್ಲಾಸಿನಲ್ಲಿ ಪ್ರಮೇಯವೊಂದನ್ನು ನಿಲ್ಲದೆ ಸಾಧಿಸಿ ಮುಗಿಸಿದೆ. ಮಕ್ಕಳಿಗೆ ಅದು ಒಂದು ಪಾಠ ಅಷ್ಟೇ. ನಾನು ಮಾತ್ರ ಬೋರ್ಡ್ ಒರೆಸಲು ಮನಸ್ಸಾಗದೆ ಹಾಗೇ ಬಿಟ್ಟು ಬಂದೆ. ಹಳೇ ಮನೆಗೆ ಹೊಸ ಬಾಡಿಗೆದಾರರು ಯಾರೇ ಬಂದರೂ ಪದ್ಮಕ್ಕ ಮಗ್ಗ ನಿಲ್ಲಿಸಿ ಹೋಗಿ ಎಲ್ಲಾ ಹೇಳುತ್ತಿದ್ದರು. ಕೊನೆಗೆ ಸಾಹುಕಾರರು ತೊಟ್ಟಿ ಒಡೆಸಿದರು ಅಂತ ಕೇಳಿದೆ. ಇಬ್ಬರು ಹೆಂಗಸರ ಬದುಕು ಕೆಟ್ಟಾಗ ಒಡೆಸದವರು ಮನೆ ಖಾಲಿ ಉಳಿದಾಗ ಒಡೆಸಿದರು.

ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಾಗಲಿಲ್ಲ. ಪದ್ಮಕ್ಕನಿಂದ ವಿಳಾಸ ಕೇಳಿಕೊಂಡು ಚಳ್ಳಕೆರೆಯಲ್ಲಿ ಶೈಲಜಾಳ ಅಣ್ಣನ ಮನೆ ಹುಡುಕಿ ಹೋದೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಮುಂದೆ ಕೂತಿದ್ದಳು. ನನಗಿಂತ ಚಿಕ್ಕವಳು, ಚುರುಕು ಕೈ. ನಾನು ಆ ಮನೆಯಿಂದ ಬಂದವಳು ಅಂದ ಕೂಡಲೇ ಮಿಷನ್ ನಿಲ್ಲಿಸಿದಳು. ಫೋಟೋ ತೋರಿಸಿದೆ. ತುಂಬಾ ಹೊತ್ತು ನೋಡಿದಳು.

"ಇತ್ತಾ?" ಅಂದಳು.

"ಏನು?"

"ಬೂಷ್ಟು. ನಿಜವಾಗ್ಲೂ ಇತ್ತಾ?"

ಆಮೇಲೆ ಹೇಳಿದಳು. ಗೋಡೆ ನಾರುತ್ತಿದೆ ಅಂತ ಗಂಡನಿಗೆ ದಿನವೂ ಹೇಳಿದ್ದಳಂತೆ. ಗಂಡನಿಗೆ ಸದಾ ನೆಗಡಿ, ಮೂಗಿಗೆ ಏನೂ ತಿಳಿಯದು. ಡಾಕ್ಟರ ಮುಂದೆ ಆತ ಹೇಳಿದ್ದು, "ಇವಳಿಗೆ ಇಲ್ಲದ ವಾಸನೆ ಬರ್ತೈತೆ ಸಾರ್." ಡಾಕ್ಟರು ಅದನ್ನೇ ಚೀಟಿಯಲ್ಲಿ ಬರೆದರು. ಆ ಚೀಟಿ ತೋರಿಸಿಯೇ ಗಂಡ ಮಗಳನ್ನು ತನ್ನ ಹತ್ತಿರ ಇಟ್ಟುಕೊಂಡ. ಆ ವಾಸನೆ ಇದೆಯೋ ಇಲ್ಲವೋ ಅಂತ ಹೋಗಿ ನೋಡಿದವರಿಲ್ಲ.

"ಆಮೇಲಾಮೇಲೆ ನಂಗೇ ಅನುಮಾನ ಬಂತು ಅಕ್ಕ," ಅಂದಳು. "ಎಲ್ಲಾರೂ ಇಲ್ಲ ಇಲ್ಲ ಅಂದ್ರೆ ಇರಲಿಲ್ವೇನೋ ಅನ್ಸುತ್ತೆ. ಇಲ್ಲಿಗೆ ಬಂದು ಆರು ತಿಂಗ್ಳಿಗೆ ನಾನು ಸರಿಹೋದೆ. ಮಾತ್ರೆನೂ ಬಿಡಿಸಿದ್ರು. ಆದ್ರೆ ಆ ಹೆಸ್ರು ಹೋಗ್ಲಿಲ್ಲ."

ಫೋನ್ ವಾಪಸ್ ಕೊಡುತ್ತಾ ಒಂದೇ ಒಂದು ಕೇಳಿದಳು. "ಇದನ್ನ ಅವರ ಮುಂದೆ ಬಂದು ಹೇಳ್ತೀರಾ?"

ಎರಡು ವಾರ ಬಿಟ್ಟು ಒಂದು ಭಾನುವಾರ ಅವಳ ಅಣ್ಣ ಆ ಗಂಡನನ್ನು ಕರೆಸಿದರು. ನಾನು ಮಂಜುನಾಥರನ್ನೂ ಕರೆದುಕೊಂಡು ಹೋದೆ. ಅವರೂ ಕೇಳಲಿ ಅಂತಲೇ ಕರೆದುಕೊಂಡು ಹೋದೆ. ಶೈಲಜಾಳ ಗಂಡ ಇಸ್ತ್ರಿ ಶರ್ಟಿನ, ಮೆತ್ತಗಿನ ಮನುಷ್ಯ. ನೋಡಿದರೆ ಯಾರಿಗೂ ಕೆಟ್ಟದ್ದು ಮಾಡುವವನ ಹಾಗೆ ಕಾಣಲಿಲ್ಲ. ಅದೇ ನನಗೆ ಇನ್ನೂ ಸಿಟ್ಟು ತರಿಸಿತು. ಕಾಫಿ ಬಂತು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ತೊಟ್ಟಿ, ಗೋಡೆ, ನನ್ನ ಅಳು, ವೈದ್ಯೆ ಹೇಳಿದ್ದು. ಬಣ್ಣದ ಕೆಳಗಿನ ಬಣ್ಣಗಳ ಫೋಟೋ ತೋರಿಸಿದೆ. ಆತ ಒಂದೊಂದೇ ನೋಡಿ, ಒಂದು ಕಡೆ ಬೆರಳಿಟ್ಟು, "ಈ ಗುಲಾಬಿ ಬಣ್ಣ ನಾವಿದ್ದಾಗ ಇತ್ತು," ಅಂದ. ಫೋನ್ ನನ್ನ ಕೈಗೆ ಕೊಟ್ಟ.

"ಹಂಗಾರೆ ನಿಂದೇನೂ ತಪ್ಪಿರಲಿಲ್ಲ," ಅಂದ ಶೈಲಜಾಳ ಕಡೆ ತಿರುಗಿ. "ಪಾಪುನ ಕಳಿಸ್ತೀನಿ. ನೀನೂ ಬಾ, ಮನೆಗೆ ಹೋಗಾನ."

ಅಣ್ಣನ ಮುಖ ಅರಳಿತು. ಶೈಲಜಾಳ ಮುಖ ಅರಳಲಿಲ್ಲ.

"ಪಾಪುನ ಕಳಿಸ್ರಿ," ಅಂದಳು. "ನಾನು ಬರಲ್ಲ. ಎರಡು ವರ್ಷ ಗೋಡೆ ನಾರ್ತೈತೆ ಅಂತ ಬಡ್ಕೊಂಡೆ, ಒಂದು ದಿನ ನೀವು ಎದ್ದು ಬೀರು ಸರಿಸಿ ನೋಡ್ಲಿಲ್ಲ. ಈ ಟೀಚರ್ ಯಾರೋ ಏನೋ. ಇವತ್ತು ಬಂದು ಹೇಳಿದ್ರು, ಕಾಫಿ ಆರೋದ್ರೊಳಗೆ ನಂಬಿದ್ರಿ. ನನ್ನ ಮಾತು ಯಾಕೆ ನಂಬ್ಲಿಲ್ಲ, ಅದೊಂದು ಹೇಳ್ರಿ."

ಮುಂದಿನ ವಾರ ಆತ ಮಗಳನ್ನು ತಂದುಬಿಟ್ಟ. ಆದರೆ ಆವತ್ತು ಆ ಪ್ರಶ್ನೆ ಕೇಳಿಸಿಕೊಂಡು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟ. ನಾನು ಪಕ್ಕದಲ್ಲೇ ಕೂತಿದ್ದ ನನ್ನ ಗಂಡನ ಕಡೆ ತಿರುಗಿದೆ; ಅದೇ ಪ್ರಶ್ನೆ ಅವರಿಗೂ ಇತ್ತು.